ತಂತಿಯಿಲ್ಲದ ಕಂಬ

ಅಂದು ಬೆಳಿಗ್ಗೆ ಇಷ್ಬೆಲ್, ರಾವಿರಿಯ ಕೈಕೆಲಸವನ್ನೆಲ್ಲ ಒಂದೊಂದಾಗಿ ಬಿಚ್ಚುತ್ತಿದ್ದಳು.

ಅವಳ ಹಾಯಿದೋಣಿ 'ಮೈರಿ' ಫಂಗರೇ ಊರಿನ ನದಿದಂಡೆಯ ದೋಣಿ ರಿಪೇರಿ ಯಾರ್ಡಿನಲ್ಲಿ, ಮರದ ಆಸರೆಗಳ ನಡುವೆ ಕೂತಿತ್ತು. ಹಾಯಿ ಏರಿಸುವ ಕೂವೆಕಂಬಗಳು ಅದಕ್ಕೆ ಎರಡು, ಮುಂದೊಂದು ದೊಡ್ಡದು, ಹಿಂದೊಂದು ಚಿಕ್ಕದು. ಎರಡನ್ನೂ ಸುತ್ತಲಿಂದ ಉಕ್ಕಿನ ತಂತಿಗಳು ಬಿಗಿಹಿಡಿದಿದ್ದವು. ಆ ತಂತಿಗಳನ್ನು ಕಟ್ಟಿದವನು ರಾವಿರಿ. ಆ ಬಂದರಿನ ಅರ್ಧಕ್ಕರ್ಧ ದೋಣಿಗಳ ಕಂಬಗಳು ನಿಂತಿರುವುದು ಅವನ ತಂತಿಗಳ ಮೇಲೆಯೇ. ಬೇರೆಯವರ ಕೆಲಸ ಮಾಡುವಾಗ ಬಾಯಿ ಮುಚ್ಚದ ಈ ಮನುಷ್ಯ, ಮೈರಿಗೆ ತಂತಿ ಕಟ್ಟುವಾಗ ಮಾತ್ರ ಮಾತೇ ಆಡದೆ ಒಂದೊಂದು ತಿರುಪನ್ನೂ ಒರೆಸಿ ಒರೆಸಿ ಹಾಕಿದ್ದ ಎಂದು ಯಾರ್ಡಿನ ಜನ ಆಡಿಕೊಳ್ಳುತ್ತಿದ್ದರು.

"ಏನ್ ಮಾಡ್ತಿದೀಯ?" ಕೆಳಗಿನಿಂದ ಅವನದೇ ದನಿ ಬಂತು.

"ಕಣ್ಣು ಕಾಣಲ್ವಾ? ಬಿಚ್ತಾ ಇದೀನಿ."

"ಯಾವ್ದನ್ನ?"

"ಎಲ್ಲಾನೂ."

ರಾವಿರಿ ಕಾಫಿಯ ಲೋಟವನ್ನು ಏಣಿಯ ಬುಡದಲ್ಲಿಟ್ಟು, ಚಪ್ಪಲಿ ಕಳಚಿ, ಬರಿಗಾಲಲ್ಲಿ ಮೇಲೆ ಬಂದ. ಐವತ್ತು ದಾಟಿದ್ದರೂ ಏಣಿ ಹತ್ತುವುದರಲ್ಲಿ ಹುಡುಗನೇ. ಸುರುಳಿ ಸುತ್ತಿಟ್ಟ ತಂತಿಗಳನ್ನು ನೋಡಿದ, ಅವಳ ಮುಖ ನೋಡಿದ, ಮತ್ತೆ ತಂತಿಗಳನ್ನೇ ನೋಡಿದ.

"ಹೊಸಾ ತಂತಿ ಬೇಕಿದ್ರೆ ಹೇಳ್ಬಾರ್ದಿತ್ತಾ?"

"ತಂತೀನೇ ಬೇಡ. ಚೀನಾದವರ ಜಂಕ್ ಹಾಯಿ ಹಾಕ್ತಿದೀನಿ. ಈ ಎರಡೂ ಕಂಬ ತೆಗೆದು ಒಂದೇ ಕಂಬ, ಒಂದೇ ಹಾಯಿ. ಕಂಬಕ್ಕೆ ಯಾವ ಆಸರೆನೂ ಇಲ್ಲ. ಗಾಳಿ ಜಾಸ್ತಿ ಆದ್ರೆ ಹಗ್ಗ ಸಡಿಲ ಬಿಟ್ರಾಯ್ತು, ಕಿಟಕಿ ಪರದೆ ಹಾಗೆ ಮಡಚಿಕೊಂಡು ಕೂರುತ್ತೆ."

"ಕಂಬ ಎಲ್ಲಿಂದ ತರ್ತೀಯ?"

"ಬಂದಾಗಿದೆ. ಶೆಡ್ಡಿನ ಹಿಂದೆ ನೋಡು."

ಅವನು ಇಳಿದು ಹೋಗಿ ನೋಡಿ ಬಂದ. ಏಣಿಯ ಮೇಲಿಂದ ತಲೆಯನ್ನಷ್ಟೇ ತೂರಿಸಿ ಮೆಲ್ಲಗೆ ಹೇಳಿದ: "ಇಷ್ಬೆಲ್, ಅದು ಬೀದಿದೀಪದ ಕಂಬ."

"ಹೌದು. ಅಲ್ಯುಮಿನಿಯಂ. ಬುಡ ದಪ್ಪ, ತುದಿ ಸಣ್ಣ. ನನಗೆ ಬೇಕಾದ ಹಾಗೇ ಇದೆ."

"ಬಲ್ಬೂ ಹಾಕಿಸ್ತೀಯಾ?"

"ಹಾಕಿಸೋದಾದ್ರೆ ಮೊದ್ಲು ನಿನ್ನ ತಲೆಗೆ."

ಇನ್ನೊಂದು ದಿನವಾಗಿದ್ದರೆ ಅವನು ಬಾಯಿತುಂಬ ನಗುತ್ತಿದ್ದ. ಇವತ್ತು ಒಂದು ತಂತಿಯ ತುದಿಯನ್ನು ಹಿಡಿದು ಹೆಬ್ಬೆರಳಿನಿಂದ ಸವರಿದ. "ಹಾಗಾದ್ರೆ ಒಬ್ಬಳೇ ನಡೆಸೋ ದೋಣಿ," ಎಂದ.

"ಹೌದು. ಒಬ್ಬಳೇ ನಡೆಸೋ ಹಾಗಿರ್ಬೇಕು."

ಅವಳು ಹೇಳಿದ್ದು ಒಂದು, ಅವನು ತಿಳಿದುಕೊಂಡದ್ದು ಇನ್ನೊಂದು. "ಸರಿ ಬಿಡು," ಎಂದವನು ಏಣಿ ಇಳಿದು ಹೊರಟೇಬಿಟ್ಟ. ಕಾಫಿ ಅಲ್ಲೇ ಆರಿತು.

ಅವನು ಹಾಗೆ ತಿಳಿದದ್ದರಲ್ಲಿ ತಪ್ಪೇನಿಲ್ಲ. ಕ್ರಿಸ್‌ಮಸ್ ಹೊತ್ತಿಗೆ, ಅಲ್ಲಿಯ ಬೇಸಿಗೆಯಲ್ಲಿ ಪೊಹುತುಕಾವ ಮರಗಳು ಕೆಂಪಗೆ ಹೂ ಬಿಟ್ಟಿದ್ದಾಗ, ಅದೇ ದಂಡೆಯ ಮೇಲೆ ಕೂತು ಅವನು ಕೇಳಿದ್ದ: "ಚಳಿಗಾಲಕ್ಕೆ ನೀನು ಟೊಂಗಾ ದ್ವೀಪಗಳಿಗೆ ಹೋಗ್ತೀಯಲ್ಲ, ನಾನೂ ಬರ್ತೀನಿ. ಮುಂದಿನ ಡೆಕ್ಕಿನ ಕೆಲಸ ನಂದು, ಚುಕ್ಕಾಣಿ ನಿಂದು. ಅಲ್ಲಿಂದ ಬಂದ ಮೇಲೂ ಹಾಗೇ ಇರೋಣ." ತಂತಿ ಕಟ್ಟುವವನ ಬಾಯಲ್ಲಿ ಮದುವೆಯ ಮಾತು ಇದಕ್ಕಿಂತ ನೇರವಾಗಿ ಬರುವುದಿಲ್ಲ. ಇಷ್ಬೆಲ್‌ಗೆ ಎದೆ ಹೊಡೆದುಕೊಂಡದ್ದು ನಿಜ. ಆದರೆ ಅವಳ ಬಲಭುಜ ಆಗಲೇ ಕೆಟ್ಟಿತ್ತು. ಹಿಂದಿನ ವರ್ಷ ಹಗ್ಗ ಸುತ್ತಿ ಎಳೆಯುವ ವಿಂಚಿನ ಹಿಡಿ ತಿರುಗಿ ಬಡಿದು ಹರಿದುಹೋದ ಭುಜ ಅದು, ಹಾಯಿ ಎಳೆಯುವುದಿರಲಿ, ತಲೆ ಬಾಚುವುದೂ ಕಷ್ಟ. ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸ್ವಲ್ಪ ದಿನಕ್ಕೆ ಬೀದಿದೀಪದ ಕಂಬ ತರಿಸಿದಳು.

*

ಹಾಯಿ ಹೊಲಿಯಲು ಹಾಯಿಯಷ್ಟೇ ಅಗಲದ ಜಾಗ ಬೇಕು. ರೋಯಿಂಗ್ ಕ್ಲಬ್ಬಿನ ಹಾಲ್ ಸಿಕ್ಕಿತು. ಹೊಲಿಗೆ ಯಂತ್ರ ರಾವಿರಿಯ ಸೋದರತ್ತೆ ಹೂಹಾನಾಳದು. ಊರಿಗೆಲ್ಲ ಅವಳು ಆಂಟಿ. ಕೈ ಯಂತ್ರದ ಮೇಲೆ, ಬಾಯಿ ಎಲ್ಲರ ಮೇಲೆ.

ಇಟ್ಟಿಗೆ ಬಣ್ಣದ ಬಟ್ಟೆ ನೆಲದ ತುಂಬ ಹರಡಿತ್ತು. ಇಷ್ಬೆಲ್ ಮಂಡಿಯೂರಿ ಗುರುತು ಹಾಕುತ್ತಿದ್ದಳು, ಆಂಟಿ ಹೊಲಿಯುತ್ತಿದ್ದಳು. ಒಂದು ಮಧ್ಯಾಹ್ನ ರಾವಿರಿ ಬಿಸಿ ಕರಿದ ಬ್ರೆಡ್ಡಿನ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತ.

"ಆಂಟಿ ತಿಂದಿರಲ್ಲ ಅಂತ ತಂದೆ."

"ಆಂಟಿ ಈಗಷ್ಟೇ ಊಟ ಮಾಡಿದಾಳೆ," ಎಂದಳು ಹೂಹಾನಾ. "ನಿನ್ನ ಮನಸ್ಸಿನೊಳಗಿನ ಆಂಟಿ ಯಾರು ಅಂತ ನಂಗೆ ಗೊತ್ತು. ಬಾ, ಬಂದಿದ್ದಕ್ಕೆ ಆ ತುದಿ ಹಿಡ್ಕೊ. ಬಿಗಿಯಾಗಿ."

ಅವನು ಬಟ್ಟೆಯ ಆ ತುದಿ ಹಿಡಿದ, ಇಷ್ಬೆಲ್ ಈ ತುದಿ. ನಡುವೆ ಯಂತ್ರ ಟರ್ರನೆ ಓಡಿತು. ಹೊಲಿಗೆ ಮುಂದುವರಿದಂತೆ ಅವನು ಒಂದೊಂದೇ ಹೆಜ್ಜೆ ಹತ್ತಿರ ಬರಬೇಕಾಯಿತು. ಅವಳು ಬಟ್ಟೆಯನ್ನೇ ನೋಡುತ್ತೇನೆ ಎಂದು ನಿಶ್ಚಯ ಮಾಡಿಕೊಂಡಳು. ನಿಶ್ಚಯ ಅರ್ಧ ಹೊಲಿಗೆಗೆ ಮುರಿಯಿತು. ಕಣ್ಣೆತ್ತಿದರೆ ಅವನು ಮೊದಲಿಂದಲೂ ಅವಳನ್ನೇ ನೋಡುತ್ತಿದ್ದ. ಕದ್ದು ನೋಡಿ ಸಿಕ್ಕಿಬಿದ್ದವನು ಕಣ್ಣು ತಪ್ಪಿಸಬೇಕು, ಅದೇ ಮರ್ಯಾದೆ. ಅವನು ತಪ್ಪಿಸಲಿಲ್ಲ. ಅವಳ ಕಿವಿಯ ತುದಿ ಬೆಚ್ಚಗಾಯಿತು.

ಟಕ್ಕೆಂದು ಸೂಜಿ ಮುರಿಯಿತು.

"ಇಬ್ಬರೂ ಒಂದೇ ಸಲ ಎಳೆದ್ರೆ ಇನ್ನೇನಾಗುತ್ತೆ!" ಆಂಟಿ ಕನ್ನಡಕ ತೆಗೆದಳು. "ಲೋ, ವರ್ಷಗಟ್ಟಲೆ ಈ ಹೆಂಗಸಿನ ದೋಣಿಗೆ ತಂತಿ ಕಟ್ಟಿದ್ದೇ ಬಂತು. ಈಗ ನೋಡು, ಎರಡು ಕಂಬ ಇದ್ದಿದ್ದನ್ನ ಒಂದು ಮಾಡ್ತಿದಾಳೆ. ಇದರ ಅರ್ಥ ಏನು ಅಂತ ಕೇಳಿದ್ಯಾ?"

"ಕೇಳೋದೇನಿದೆ ಆಂಟಿ, ಕಾಣಿಸ್ತಿದೆಯಲ್ಲ," ಎಂದು ರಾವಿರಿ ಬಟ್ಟೆಯನ್ನು ಮೆಲ್ಲಗೆ ನೆಲಕ್ಕಿಟ್ಟ. ಪೊಟ್ಟಣ ಬಿಟ್ಟು ಹೋದ. ಇಷ್ಬೆಲ್ ಬ್ರೆಡ್ಡನ್ನು ಜೇನಿನಂಥ ಸಿರಪ್ಪಿನಲ್ಲಿ ಅದ್ದಿ ತಿಂದಳು, ರುಚಿ ಗೊತ್ತಾಗಲಿಲ್ಲ.

*

ಒಂದು ಕೆಲಸಕ್ಕೆ ಅವಳಿಗೆ ಅವನು ಬೇಕೇ ಆಯಿತು. ಹೊಸ ಕಂಬಕ್ಕಾಗಿ ಡೆಕ್ಕಿನಲ್ಲಿ ತೂತು ಕೊರೆಯಬೇಕು, ಒಳಗಿನಿಂದ ಕೈಯೆತ್ತಿ ಗರಗಸ ಹಿಡಿಯಬೇಕು. ಅವಳ ಭುಜ ಅಷ್ಟೆತ್ತರಕ್ಕೆ ಏಳುತ್ತಿರಲಿಲ್ಲ. ಯಾರ್ಡಿನಲ್ಲಿ ಬೇರೆ ಬಡಗಿಗಳಿದ್ದರು. ಕೇಳಿದ್ದು ಅವನನ್ನೇ.

ಮೈರಿಯ ಮೂತಿಯ ಕಡೆಗಿನ ಪುಟ್ಟ ಕೋಣೆಯಲ್ಲಿ ಹಾಸಿಗೆ ಬಿಟ್ಟರೆ ಬೇರೇನಕ್ಕೂ ಜಾಗವಿಲ್ಲ. ಇಬ್ಬರೂ ಮಂಡಿಯೂರಿ ಕೂತರು. ರಾವಿರಿ ಅವಳು ಹಾಕಿದ ಗುರುತು ನೋಡಿದ, ಅಲ್ಲಿಂದ ತೂಗುಗುಂಡು ಇಳಿಬಿಟ್ಟ. ಗುಂಡು ನೇರ ಹಾಸಿಗೆಯ ನಟ್ಟನಡುವೆ ಬಂದು ನಿಂತಿತು.

"ಇಲ್ಲಿಗೇನಾ?"

"ಅಲ್ಲಿಗೇ. ಈ ಹಾಯಿ ಕಂಬದ ಮುಂದಕ್ಕೂ ಸ್ವಲ್ಪ ಚಾಚಿಕೊಂಡಿರುತ್ತೆ. ಕಂಬ ಇಲ್ಲಿ ನಿಂತ್ರೆನೇ ದೋಣಿ ನೆಟ್ಟಗೆ ಹೋಗೋದು."

"ಇದು ಇಬ್ಬರು ಮಲಗೋ ಹಾಸಿಗೆ."

"ಗೊತ್ತು."

"ಇನ್ಮೇಲೆ ಆ ಕಡೆ ಒಬ್ಬರು, ಈ ಕಡೆ ಒಬ್ಬರು."

"ಆ ಕಡೆ ಆಲೂಗಡ್ಡೆ ಮೂಟೆ ಇಡೋಣ ಅಂತಿದ್ದೆ," ಎಂದುಬಿಟ್ಟಳು ಇಷ್ಬೆಲ್.

ತಮಾಷೆಗೆಂದೇ ಅಂದದ್ದು. ಅವನ ಮುಖ ಇಳಿದುಹೋಯಿತು. ಆಡಿದ ಮಾತು ಒಡೆದ ಮುತ್ತು. ಅವಳು ನಾಲಿಗೆ ಕಚ್ಚಿಕೊಂಡಳು. ಅವನು ಗರಗಸದ ಯಂತ್ರ ಎತ್ತಿದ.

ಮರದ ಪುಡಿ ಇಬ್ಬರ ಮೇಲೂ ಉದುರಿತು. ಕೊನೆಗೊಮ್ಮೆ ದುಂಡನೆಯ ಹಲಗೆ ಕಳಚಿ ಬಿದ್ದು, ಕತ್ತಲೆ ಕೋಣೆಗೆ ಬಿಸಿಲು ದುಂಡಗೆ ಇಳಿಯಿತು. ಅವನ ಹುಬ್ಬು, ರೆಪ್ಪೆ, ಗಲ್ಲದ ನರೆತ ಕುರುಚಲು ಎಲ್ಲ ಹಳದಿ ಪುಡಿಯಲ್ಲಿ ಮುಳುಗಿದ್ದವು. ಅವನು ಯಂತ್ರ ಕೆಳಗಿಟ್ಟು ಅವಳ ಕೂದಲಿಗೆ ಅಂಟಿದ ಸಿಬಿರನ್ನು ತೆಗೆಯಲು ಕೈ ಚಾಚಿದ. ಬೆರಳು ಕೂದಲಿಗೆ ತಾಕುವಷ್ಟರಲ್ಲಿ ಹಿಂದಕ್ಕೆ ತೆಗೆದುಕೊಂಡ.

"ತೆಗಿ," ಎಂದಳು ಅವಳು. "ಅಷ್ಟು ದೂರ ಬಂದಿದೀಯಲ್ಲ."

ಅವನು ತೆಗೆದ. ಒಂದು ಸಿಬಿರು ತೆಗೆಯಲು ಅಷ್ಟೊಂದು ಹೊತ್ತು ಬೇಕಾಗಿರಲಿಲ್ಲ. ಆಗಲೇ ಅವಳು ಎಲ್ಲವನ್ನೂ ಹೇಳಿಬಿಡಬಹುದಿತ್ತು. ಆದರೆ ಗುಣವಾಗದ ಭುಜ, ಕಂಬವಿಲ್ಲದ ದೋಣಿ ಇಟ್ಟುಕೊಂಡು ಹೇಳುವ ಮಾತು ಅದಲ್ಲ ಎಂದು ಹಲ್ಲು ಕಚ್ಚಿದಳು. ಮೊಂಡುತನದಲ್ಲಿ ಅವಳ ಸ್ಕಾಟಿಷ್ ಅಜ್ಜಿಯರೂ ಅವಳ ಮುಂದೆ ಮಕ್ಕಳು.

*

ಮೈರಿ ನೀರಿಗಿಳಿಯಿತು. ಹೊಸ ಕಂಬ ನಿಲ್ಲಿಸಿದ ದಿನ ಹೂಹಾನಾ ಆಂಟಿ ತನ್ನ ಮಾವೋರಿ ಜನರ ಪ್ರಾರ್ಥನೆ ಹೇಳಿದಳು. ಎಲ್ಲರೂ ಟೋಪಿ ತೆಗೆದು ನಿಂತರು, ಕ್ರೇನ್ ಓಡಿಸುವವನೂ ಯಂತ್ರ ನಿಲ್ಲಿಸಿದ. ಆಮೇಲೆ ಬೀದಿದೀಪದ ಕಂಬ ತೂತಿನೊಳಗೆ ಇಳಿದು ದೋಣಿಯ ತಳಕ್ಕೆ ಕೂತಿತು. ಡೆಕ್ಕಿನ ಮಟ್ಟದಲ್ಲಿ ಸುತ್ತಲೂ ಮರದ ಬೆಣೆ ಬಡಿದರು. ಅಷ್ಟೇ. ನೋಡಿದವರಿಗೆಲ್ಲ ಏನೋ ಮರೆತಿದ್ದಾರೆ ಅನ್ನಿಸುತ್ತಿತ್ತು.

ರಾವಿರಿಗಂತೂ ನಿಂತಲ್ಲಿ ನಿಲ್ಲಲಾಗಲಿಲ್ಲ. ಉತ್ತರದಿಂದ ಬಿರುಗಾಳಿ ಬರುತ್ತಿದೆ ಎಂದು ರೇಡಿಯೊ ಬೇರೆ ಹೇಳಿತ್ತು.

ಮರುದಿನ ಇಷ್ಬೆಲ್ ಭುಜದ ವ್ಯಾಯಾಮಕ್ಕೆ ಪೇಟೆಗೆ ಹೋಗಿ ಬರುವಷ್ಟರಲ್ಲಿ ಕಂಬದ ತುದಿಯಿಂದ ಎರಡೂ ಬದಿಗೆ ಎರಡು ಹೊಸ ತಂತಿ ಮಿರಮಿರ ಮಿಂಚುತ್ತಿದ್ದವು. ರಾವಿರಿ ಡೆಕ್ಕಿನ ಮೇಲೆ ತಿರುಪು ಬಿಗಿಯುತ್ತಿದ್ದ.

"ಯಾರು ಹೇಳಿದ್ದು ನಿಂಗೆ?" ಅವಳ ದನಿಗೆ ಪಕ್ಕದ ದೋಣಿಯ ಬಳಿಯಿದ್ದ ಬಾತುಕೋಳಿಗಳೂ ಹಾರಿದವು.

"ಎರಡೇ ತಂತಿ. ಗಾಳಿ ಹೋದ್ಮೇಲೆ ತೆಗೀತೀನಿ. ಕಂಬಕ್ಕೆ ತೂತು ಕೊರೆದಿಲ್ಲ, ಮೇಲೆ ಕುಣಿಕೆ ಹಾಕಿದೀನಿ ಅಷ್ಟೆ."

"ಈ ಕಂಬ ಬಾಗ್ಬೇಕು ರಾವಿರಿ! ಬಾಗಿ ಬಾಗಿ ಗಾಳೀನ ಚೆಲ್ಬೇಕು. ನೀನು ಹೀಗೆ ಬಿಗಿದಿಟ್ರೆ ಬಾಗೋಕಾಗದೆ ಮುರಿಯುತ್ತೆ."

"ಬಿದ್ರೆ?"

"ಬಿದ್ರೆ ನನ್ನ ಕಂಬ."

"ನಿನ್ನ ಮೇಲೆ ಬಿದ್ರೆ?" ರಾವಿರಿ ಎದ್ದು ನಿಂತ. "ನಂಗೆ ಗೊತ್ತಿರೋದು ಇದೊಂದೇ, ಇಷ್ಬೆಲ್. ಹಿಡಿದು ನಿಲ್ಲಿಸೋದು. ನೀನು ನನ್ನ ಬೇಡ ಅಂದಿದೀಯ, ಆಯ್ತು. ಇಷ್ಟಾದ್ರೂ ಮಾಡೋಕೆ ಬಿಡು."

"ನಾನ್ಯಾವಾಗ ಬೇಡ ಅಂದೆ?"

"ಇಡೀ ದೋಣೀನೇ ಹೇಳ್ತಿದೆಯಲ್ಲ!"

ಇಷ್ಬೆಲ್ ಚೀಲವನ್ನು ಧೊಪ್ಪನೆ ಕೆಳಗೆ ಹಾಕಿದಳು. ಇನ್ನು ತಡೆದುಕೊಂಡು ಪ್ರಯೋಜನವಿರಲಿಲ್ಲ.

"ಡಂಕನ್ ಜೊತೆ ಅಷ್ಟು ವರ್ಷ ಯಾಕಿದ್ದೆ ಗೊತ್ತಾ? ವಿಂಚ್ ತಿರುಗಿಸೋಕೆ ಅವನು ಬೇಕಿತ್ತು. ಲಂಗರು ಎತ್ತೋಕೆ ಅವನು ಬೇಕಿತ್ತು. ಅದನ್ನೇ ಪ್ರೀತಿ ಅಂದ್ಕೊಂಡು ಸಂಸಾರ ಮಾಡಿದೆ. ಅವನು ಬಿಟ್ಟು ಆಸ್ಟ್ರೇಲಿಯಾಗೆ ಹೋದಾಗ ನಾನು ಅತ್ತಿದ್ದು ಏನಂತ ಗೊತ್ತಾ? ಇನ್ನು ಹಾಯಿ ಯಾರು ಇಳಿಸ್ತಾರೆ ಅಂತ. ಅವತ್ತೇ ನಾಚಿಕೆ ಆಗಿಹೋಯ್ತು ನಂಗೆ."

"ನಾನು ಡಂಕನ್ ಅಲ್ಲ."

"ಅಲ್ಲ ಅಂತ ನನ್ನ ಮನಸ್ಸಿಗೆ ಗೊತ್ತು. ಆದ್ರೆ ನೀನು ಕೇಳಿದ್ದು ಯಾವಾಗ? ನನ್ನ ಭುಜ ಕೆಟ್ಟು ಕೂತಾಗ. ಮುಂದಿನ ಡೆಕ್ಕಿನ ಕೆಲಸ ನಂದು ಅಂದೆ. ನಾನು ಹೂಂ ಅಂದಿದ್ರೆ, ನಿನಗೆ ಅಂದ್ನೋ ನಿನ್ನ ತೋಳಿಗೆ ಅಂದ್ನೋ ನಂಗೇ ಗೊತ್ತಾಗ್ತಿರ್ಲಿಲ್ಲ."

ರಾವಿರಿ ಕಂಬದ ಬುಡದಿಂದ ತುದಿಯವರೆಗೆ ನೋಡಿದ. "ಅದಕ್ಕಾ ಈ ಬೀದಿದೀಪ?"

"ಅದಕ್ಕೇ. ಒಂದ್ಸಲ ಒಬ್ಬಳೇ ಹೋಗಿ ಬರ್ತೀನಿ. ನೀನಿಲ್ದೆ ನಂಗಾಗುತ್ತೋ ಇಲ್ವೋ ನೋಡ್ಬೇಕು."

"ಆಗುತ್ತೆ ಅಂತ ಆದ್ರೆ? ಆಮೇಲೆ ನಾನ್ಯಾಕೆ?"

ಇಷ್ಬೆಲ್ ಬಗ್ಗಿ ಚೀಲ ಎತ್ತಿಕೊಂಡಳು. ರಾವಿರಿ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಕಂಬ ಹತ್ತಿದ. ತಾನು ಹಾಕಿದ ಕುಣಿಕೆಯನ್ನು ತಾನೇ ಬಿಚ್ಚಿದ. ಜೀವಮಾನವೆಲ್ಲ ಬಿಗಿಯುವುದನ್ನೇ ಮಾಡಿದ ಕೈ ಅದು, ಬಿಚ್ಚುವಾಗ ಎಷ್ಟು ನೋಯುತ್ತಿತ್ತೋ. ಆ ಗಳಿಗೆಯಲ್ಲಿ ಇಷ್ಬೆಲ್‌ಗೆ ಅವನ ಮೇಲೆ ಉಕ್ಕಿದ ಪ್ರೀತಿಗೆ ಅವಳೇ ಹೆದರಿದಳು.

ರೇಡಿಯೊ ಹೇಳಿದಂತೆಯೇ ಬಿರುಗಾಳಿ ಬಂತು. ಇಡೀ ದಿನ ಇಬ್ಬರೂ ಶೆಡ್ಡಿನ ಕಿಟಕಿಗೆ ಮೂಗು ಒತ್ತಿ ನಿಂತರು. ಸುತ್ತಲಿನ ದೋಣಿಗಳ ತಂತಿಗಳು ಕೀರಲು ದನಿಯಲ್ಲಿ ಕಿರುಚುತ್ತಿದ್ದವು. ಮೈರಿಯ ಕಂಬ ಮಾತ್ರ ಸದ್ದಿಲ್ಲದೆ ಬಾಗುತ್ತಿತ್ತು, ನೆಟ್ಟಗಾಗುತ್ತಿತ್ತು, ಮತ್ತೆ ಬಾಗುತ್ತಿತ್ತು.

"ಬಾಗ್ತಿದೆ," ಎಂದ ರಾವಿರಿ.

"ಬಾಗೋದೇ ಅದರ ಕೆಲಸ."

"ವಾಪಸ್ಸೂ ಬರ್ತಿದೆ."

"ಅದೂ ಅದರ ಕೆಲಸವೇ," ಎಂದಳು ಇಷ್ಬೆಲ್. ಸಂಜೆಗೆ ಗಾಳಿ ಸೋತಿತು, ಕಂಬ ಸೋಲಲಿಲ್ಲ.

*

ಸಮುದ್ರ ತಣಿದ ಮೇಲೆ ಅವಳು ಹೊರಟಳು. ನೀರಿನ ಇಳಿತದ ಜೊತೆ ನದಿಯಿಂದ ಹೊರಬಿದ್ದು, ಬಂದರಿನ ಬಾಯಿಯ ಹತ್ತಿರದ ಕೊಲ್ಲಿಯಲ್ಲಿ ಲಂಗರು ಹಾಕಿ ತಂಗಿ, ಮರುದಿನ ಬಯಲು ಸಮುದ್ರ ಸೇರಿದಳು.

ಹಾಯಿ ಏರಿಸುವುದೇ ಭಾರ. ಎಡಗೈಯಲ್ಲಿ ಒಂದು ಜಗ್ಗು, ಹಗ್ಗಕ್ಕೆ ಗೂಟದಲ್ಲಿ ಒಂದು ಸುತ್ತು, ಉಸಿರು, ಮತ್ತೊಂದು ಜಗ್ಗು. ಬೆವರು ಕಿತ್ತು ಬಂತು. ಯಾರೂ ನೋಡದಿದ್ದರೆ ಎಷ್ಟು ಹೊತ್ತು ತೆಗೆದುಕೊಂಡರೂ ತಪ್ಪಲ್ಲ ಎಂದು ತನಗೆ ತಾನೇ ಬೈದುಕೊಂಡು, ಹೊಗಳಿಕೊಂಡು, ಕೊನೆಗೂ ಏರಿಸಿದಳು. ಇಟ್ಟಿಗೆ ಬಣ್ಣದ ಹಾಯಿ ಪಟ್ಟಿಪಟ್ಟಿಯಾಗಿ ಬಿಚ್ಚಿಕೊಂಡು ಗಾಳಿ ತುಂಬಿಕೊಂಡಿತು. ಆಮೇಲೆ ಮೈರಿ ಅವಳ ಮಾತು ಕೇಳಿತು. ಗಾಳಿ ಹೆಚ್ಚಿದಾಗ ಕೋಣೆಯ ಬಾಗಿಲಲ್ಲೇ ನಿಂತು ಹಗ್ಗ ಸಡಿಲಿಸಿದಳು, ಎರಡು ಮಡಿಕೆ ತಾನಾಗಿ ಇಳಿದು ಕೂತವು. ಕೈಯಲ್ಲಿದ್ದ ಚಹಾ ಚೆಲ್ಲಲೂ ಇಲ್ಲ. ಅವಳು ಜೋರಾಗಿ ನಕ್ಕಳು. ಭುಜ ಹರಿದ ದಿನದಿಂದ ಹಾಗೆ ನಕ್ಕಿರಲಿಲ್ಲ.

ಬಂದರಿನಾಚೆಯ ಸಣ್ಣ ದ್ವೀಪಗಳ ಹತ್ತಿರ ಬಂದಾಗ ನೂರಾರು ಬಿಳಿ ಗ್ಯಾನೆಟ್ ಹಕ್ಕಿಗಳು ಆಕಾಶದಿಂದ ರೆಕ್ಕೆ ಮಡಚಿ ಒಂದರ ಹಿಂದೊಂದು ಸಮುದ್ರಕ್ಕೆ ಧುಮುಕುತ್ತಿದ್ದವು. ನೀರು ಕುದಿಯುವ ಹಾಗಿತ್ತು. ಹಕ್ಕಿಗಳ ಹಿಂದೆ ಡಾಲ್ಫಿನ್‌ಗಳು ಎದ್ದವು.

"ನೋಡು!" ಎಂದು ಇಷ್ಬೆಲ್ ಹಿಂದೆ ತಿರುಗಿದಳು.

ಹಿಂದೆ ಯಾರಿದ್ದಾರೆ? ಖಾಲಿ ಆಸನ, ಅದರ ಮೇಲೆ ಒಂದು ಒದ್ದೆ ಟವೆಲ್. ದೋಣಿ ನೆಟ್ಟಗೆ ಹೋಗುತ್ತಿತ್ತು, ಹಾಯಿ ತುಂಬಿತ್ತು, ಚಹಾ ಇನ್ನೂ ಬಿಸಿಯಿತ್ತು. ಯಾವುದಕ್ಕೂ ಕೊರತೆಯಿರಲಿಲ್ಲ. ಆ ಒಂದು ಮಾತಿಗೆ ಮಾತ್ರ ಹೋಗಲು ಜಾಗವಿರಲಿಲ್ಲ. ಡಂಕನ್ ಹೋದಾಗ ಅವಳಿಗೆ ಕೈ ಸಾಲದಾಗಿತ್ತು. ಈಗ ಎಲ್ಲಕ್ಕೂ ಕೈ ಸಾಲುತ್ತಿತ್ತು, ಆದರೂ ಕಣ್ಣು ತುಂಬಿ ಬಂತು. ರಾವಿರಿಯ ಪ್ರಶ್ನೆಗೆ ಉತ್ತರ ಅವಳಿಗೆ ಅಲ್ಲಿ ಸಿಕ್ಕಿತು, ನಡುನೀರಿನಲ್ಲಿ.

*

ಉಬ್ಬರದ ಜೊತೆ ಅವಳು ನದಿಗೆ ಮರಳಿದಾಗ ರಾವಿರಿ ದೋಣಿಕಟ್ಟೆಯ ತುದಿಯಲ್ಲಿದ್ದ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ ಎಂದು ಆಂಟಿ ಆಮೇಲೆ ಊರಿಗೆಲ್ಲ ಹೇಳಿದಳು. ಇಷ್ಬೆಲ್ ಎಂಜಿನ್ ಹಾಕಲಿಲ್ಲ. ಕಟ್ಟೆ ಹತ್ತಿರವಾಗುತ್ತಲೇ ಹಗ್ಗ ಬಿಟ್ಟಳು. ಹಾಯಿ ಕಟಕಟನೆ ಮಡಚಿ ಕೂತಿತು. ಮೈರಿ ಉಳಿದ ವೇಗದಲ್ಲೇ ತೇಲಿ ಬಂದು ಕಟ್ಟೆಗೆ ಮೈ ತಾಗಿಸಿತು.

"ಹಗ್ಗ ಎಸಿ, ಎಸಿ!" ರಾವಿರಿ ಎರಡೂ ಕೈ ಚಾಚಿದ್ದ.

"ಬೇಡ. ಅಲ್ಲೇ ನಿಲ್ಲು."

ಎಡಗೈಯಲ್ಲಿ ಹಗ್ಗ ಹಿಡಿದು ಅವಳೇ ಕಟ್ಟೆಗಿಳಿದು ಕಟ್ಟಿದಳು. ಮುಂದೊಂದು, ಹಿಂದೊಂದು. ಅವನ ಕೈಗಳು ಮೆಲ್ಲಗೆ ಕೆಳಗಿಳಿದವು.

"ಆಯ್ತಾ?" ಎಂದ.

"ಆಯ್ತು."

"ಲಂಗರೂ?"

"ಲಂಗರೂ ನಾನೇ ಎತ್ತಿದೆ."

"ಹಾಗಾದ್ರೆ ಗೊತ್ತಾಯ್ತಲ್ಲ," ಎಂದ ರಾವಿರಿ. ನಗಲು ನೋಡಿದ, ಬರಲಿಲ್ಲ. "ನನ್ನ ಅಗತ್ಯ ಇಲ್ಲ."

"ಇಲ್ಲ. ಒಂದು ಚೂರೂ ಇಲ್ಲ. ಟೊಂಗಾ ಏನು, ಭೂಮಿ ಸುತ್ತಿ ಬರೋಕೂ ನಂಗೆ ನಿನ್ನ ಅಗತ್ಯ ಇಲ್ಲ." ಅವಳು ಅವನ ಎದುರಿಗೆ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು ನಿಂತಳು. ನದಿಯುದ್ದಕ್ಕೂ ಅಭ್ಯಾಸ ಮಾಡಿದ ಮಾತೆಲ್ಲ ಮರೆತುಹೋಗಿತ್ತು. "ಆದ್ರೆ ಅಲ್ಲಿ ಗ್ಯಾನೆಟ್ ಹಕ್ಕಿಗಳು ಬೀಳ್ತಿದ್ವು ರಾವಿರಿ, ಆಕಾಶ ಹರಿದ ಹಾಗೆ. ನೋಡು ಅಂದೆ. ಯಾರೂ ಇರ್ಲಿಲ್ಲ."

"ಯಾರಿಗೆ ಅಂದೆ?"

"ನಿಂಗೆ, ಪೆದ್ದ. ಇನ್ಯಾರಿಗೆ? ಕೆಲಸಕ್ಕೆ ನೀನು ಬೇಡ. ನಂಗೆ ನೀನು ಬೇಕು. ಬರ್ತೀಯಾ?"

ಅವನು ಕಣ್ಣು ಒರೆಸಿಕೊಂಡ, ಚಪ್ಪಲಿ ಕಳಚಿ ಕಟ್ಟೆಯ ಮೇಲೆ ಜೋಡಿಸಿಟ್ಟ, ದೋಣಿಗೆ ಕಾಲಿಟ್ಟು ಆಸನದ ಮೇಲೆ ಕೂತ. ಕೂತವನ ಕೈ ಸುಮ್ಮನಿರಲಾರದೆ ಪಕ್ಕದಲ್ಲಿ ಸಡಿಲಾಗಿದ್ದ ಹಗ್ಗದ ಕಡೆ ಹೋಯಿತು. ಅವಳು ಫಟ್ಟನೆ ಹೊಡೆದಳು.

"ಮುಟ್ಬೇಡ."

"ಮತ್ತೆ ಈ ಕೈಗಳನ್ನ ಎಲ್ಲಿಡ್ಲಿ?"

ಇಷ್ಬೆಲ್ ಅವನ ಪಕ್ಕ ಕೂತು ತನ್ನ ಎರಡೂ ಅಂಗೈ ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು.

"ಇಲ್ಲಿಡು," ಎಂದಳು.